ಕೊಡೆ ಮಡಿಸುವ ಕೆಲಸ

ಮಾರ್ಚ್ 3, ಸೋಮವಾರ

ಇವತ್ತೂ ವಿಮಾನದ ಸದ್ದಿಗೆ ಮೇಜಿನ ಕೆಳಗೆ ಬಗ್ಗಿದೆ. ನಮ್ಮದೇ ವಿಮಾನ, ದಿನಕ್ಕೆ ಹತ್ತು ಸಲ ಇದೇ ಶೆಡ್ಡಿನ ಮೇಲೆ ಹಾದುಹೋಗುವಂಥದ್ದು. ಹದಿನಾರನೇ ಮೇಜಿನವಳು ಬಿದ್ದು ಬಿದ್ದು ನಕ್ಕಳು. ಅವಳ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಎಲ್ಲರೂ ಅವಳನ್ನು ಗಿಣಿ ಎನ್ನುತ್ತಾರೆ. "ಏನಕ್ಕಾ, ಬಿದ್ದ ಸೂಜಿ ಸಿಕ್ತಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಏಣಿ ಕಂಡರೆ ಹೆದರಿಕೆ, ಸಮವಸ್ತ್ರ ಹಾಕಿದವರು ಎದುರಿಗೆ ಬಂದರೆ ಹೆದರಿಕೆ, ಸರ್ಕಾರಿ ಲಕೋಟೆ ಬಂದರೆ ಒಡೆಯದೆ ಎರಡು ದಿನ ಇಟ್ಟುಕೊಳ್ಳುತ್ತೇನೆ. ಇಂಥವಳನ್ನು ತಂದು ಸೈನ್ಯದ ವಿಮಾನ ನೆಲೆಯಲ್ಲಿ ಕೂರಿಸಿದ್ದಾರೆ. ಇಪ್ಪತ್ತೆರಡು ವರ್ಷ ಛತ್ರಿ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದೆ. ಯುದ್ಧ ಶುರುವಾದ ಮೇಲೆ ಛತ್ರಿ ಯಾರಿಗೂ ಬೇಡವಾಯಿತು. ಕೈ ಚುರುಕಿದ್ದವರನ್ನೆಲ್ಲ ಇಲ್ಲಿಗೆ ಕಳಿಸಿದರು, ಪ್ಯಾರಾಚೂಟ್ ಮಡಿಸಲು. ಹಾರುವ ಸೈನಿಕರು ಅದನ್ನು ಕೊಡೆ ಎನ್ನುತ್ತಾರೆ. ಛತ್ರಿಯಿಂದ ಕೊಡೆಗೆ ಬಡ್ತಿ ಸಿಕ್ಕಿತು ಎಂದು ಮಗಳು ತಮಾಷೆ ಮಾಡಿದಳು.

ತಮಾಷೆ ಮಾಡುವ ಮಗಳು ಈಗ ಏಳು ತಿಂಗಳ ಬಸುರಿ. ನಮ್ಮ ಮನೆಯಲ್ಲೇ ಇದ್ದಾಳೆ. ಅಳಿಯ ಅದೇ ಹಾರುವ ದಳದಲ್ಲಿ ಹವಾಲ್ದಾರ. ವಿಮಾನದಿಂದ ಕೆಳಗೆ ಹಾರುವವನಿಗೆ ಹೆಣ್ಣು ಕೊಡುವುದುಂಟೇ ಎಂದು ಮದುವೆಗೆ ಮುಂಚೆ ನಾನು ಆಡಿದ್ದ ಮಾತು ಅವನ ಕಿವಿಗೆ ಬಿದ್ದಿತ್ತು. ಅಂದಿನಿಂದ ನನ್ನೊಡನೆ ಹೂಂ, ಉಹೂಂ ಬಿಟ್ಟು ಮೂರನೇ ಮಾತಿಲ್ಲ.

ಯಾರಿಗೂ ಹೇಳಿಕೊಳ್ಳಲಾರದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಮಡಿಸಿದ ಕೊಡೆ ಯಾರ ಬೆನ್ನಿಗೆ ಹೋಗುತ್ತದೋ ನನಗೆ ಗೊತ್ತಾಗುವುದಿಲ್ಲ. ಅದೇ ಭಯ.

ಮಾರ್ಚ್ 5, ಬುಧವಾರ

ಬುಧವಾರ ಊಟವಾದ ಮೇಲೆ ಮೇಸ್ತ್ರಿಯ ಪಾಠ. ಶೆಡ್ಡಿನ ಮೇಲ್ವಿಚಾರಕರನ್ನು ನಾವು ಮೇಸ್ತ್ರಿ ಎನ್ನುವುದು. ಅರವತ್ತು ದಾಟಿದೆ. ಹಿಂದೆ ತಾವೂ ಹಾರುತ್ತಿದ್ದವರು, ಈಗ ಎಡಗಾಲು ಎಳೆದುಕೊಂಡು ನಡೆಯುತ್ತಾರೆ. ಯಾಕೆ ಮಡಿಸುತ್ತಿದ್ದೇವೆ ಅನ್ನುವುದು ಗೊತ್ತಿಲ್ಲದವರು ಚೆನ್ನಾಗಿ ಮಡಿಸಲಾರರು ಎಂಬುದು ಅವರ ನಂಬಿಕೆ.

ಮೊದಮೊದಲು ವಿಮಾನಗಳಲ್ಲಿ ಹಾರಲು ಬಾಗಿಲೇ ಇರಲಿಲ್ಲವಂತೆ. ಸೈನಿಕರು ತೆವಳಿಕೊಂಡು ರೆಕ್ಕೆಯ ಮೇಲೆ ಹೋಗಿ, ಅಲ್ಲಿಂದ ಕೈ ಬಿಡುತ್ತಿದ್ದರಂತೆ. ಕೊಡೆ ಆಗ ರೇಷ್ಮೆಯದು. ಆಮೇಲೆ ದೊಡ್ಡ ಯುದ್ಧದಲ್ಲಿ ಸಾವಿರಗಟ್ಟಲೆ ಜನರನ್ನು ಒಟ್ಟಿಗೆ ಇಳಿಸಲು ಕಲಿತರು. ಒಂದು ಕಡೆ ಬಂದೂಕುಗಳನ್ನು ಬೇರೆ ಪೆಟ್ಟಿಗೆಗಳಲ್ಲಿ ಇಳಿಸಿದರು. ಸೈನಿಕ ನೆಲ ಮುಟ್ಟಿದಾಗ ಕೈಯಲ್ಲಿ ಒಂದು ಪಿಸ್ತೂಲು, ಪೆಟ್ಟಿಗೆ ಎರಡು ಹೊಲ ಆಚೆ, ನಡುವೆ ಶತ್ರು. ಓಡಿದವರಲ್ಲಿ ಎಷ್ಟೋ ಜನ ಪೆಟ್ಟಿಗೆ ಮುಟ್ಟಲಿಲ್ಲ. ಈಗ ಬಂದೂಕನ್ನು ಮೈಗೇ ಕಟ್ಟಿ ಕಳಿಸುತ್ತಾರೆ. ಇನ್ನೊಂದು ಕಡೆ ನೀರು ನಿಂತ ಗದ್ದೆಗಳ ಮೇಲೆ ಇಳಿಸಿದರು. ಸೊಂಟಮಟ್ಟದ ನೀರಿನಲ್ಲಿ, ಬೆನ್ನ ಮೇಲಿನ ಭಾರಕ್ಕೆ ಏಳಲಾರದೆ ಮುಳುಗಿಹೋದರು. ಎಂಜಿನ್ನೇ ಇಲ್ಲದ ಮರದ ವಿಮಾನಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಬಿಟ್ಟದ್ದೂ ಉಂಟು. ಅವು ಮರಕ್ಕೆ, ಗೋಡೆಗೆ ಬಡಿದು ಪುಡಿಯಾದವು.

ಹೆಲಿಕಾಪ್ಟರ್ ಬಂದ ಮೇಲೂ ಹಾರುವುದು ಯಾಕೆ ಎಂದು ಗಿಣಿ ಕೇಳಿದಳು. ಪ್ರತಿ ಯುದ್ಧ ಮುಗಿದಾಗಲೂ ಇನ್ನು ಹಾರುವವರು ಬೇಕಿಲ್ಲ ಎಂದು ಬರೆಯುತ್ತಾರೆ, ಮುಂದಿನ ಯುದ್ಧದಲ್ಲಿ ದೂರದ ಒಂದು ಸೇತುವೆ ತುರ್ತಾಗಿ ಬೇಕಾಗುತ್ತದೆ, ಆಗ ನೆನಪಾಗುತ್ತಾರೆ ಎಂದರು ಮೇಸ್ತ್ರಿ. ಫಿರಂಗಿ ಇಲ್ಲ, ಟ್ಯಾಂಕಿಲ್ಲ. ಹೊತ್ತುಕೊಂಡು ಹೋದ ಗುಂಡು ಎರಡು ಮೂರು ದಿನಕ್ಕೆ ಸಾಕು. ಅಷ್ಟರೊಳಗೆ ನೆಲದ ಸೈನ್ಯ ಬಂದು ಮುಟ್ಟಬೇಕು.

"ಹಾರೋದು ಕಷ್ಟ ಅಲ್ಲ. ಇಳಿದ ಮೇಲೆ ಕಾಯ್ತಾ ಕೂರೋದು ಕಷ್ಟ" ಎಂದರು.

ಮಗಳಿಗೆ ಇದನ್ನು ಹೇಳಲಿಲ್ಲ. ಪಾಠ ಏನಿತ್ತಮ್ಮಾ ಎಂದಳು. ರೇಷ್ಮೆಯ ವಿಷಯ ಎಂದೆ.

ಮಾರ್ಚ್ 12, ಬುಧವಾರ

ಪಾಠ ರದ್ದು. ದಿನಕ್ಕೆ ನಾಲ್ಕಿದ್ದದ್ದು ಇನ್ನು ಮೇಲೆ ಎಂಟು ಮಡಿಸಬೇಕು. ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಗಿಣಿ ಕೂಡ.

ಮಾರ್ಚ್ 18, ಮಂಗಳವಾರ

ಇದನ್ನು ಬರೆಯಲೂ ಹೆದರಿಕೆ. ಆದರೂ ಬರೆದಿಡುತ್ತೇನೆ.

ಮಡಿಸುವಾಗ ಬಟ್ಟೆ ಜಾರದಂತೆ ಅದರ ಮೇಲೆ ಮರಳಿನ ಗಂಟುಗಳನ್ನಿಡುತ್ತೇವೆ. ಅಂಗೈಯಗಲದ ಗಂಟು, ಮೇಜಿಗೆ ಐದು, ಒಂದೊಂದರ ಮೇಲೂ ಮೇಜಿನ ನಂಬರು. ಕೊಡೆಯನ್ನು ಚೀಲಕ್ಕೆ ತುಂಬುವ ಮೊದಲು ಐದನ್ನೂ ತೆಗೆದು, ಎಣಿಸಿ, ಎಣಿಸಿದೆ ಎಂದು ಚೀಟಿಯಲ್ಲಿ ಸಹಿ ಹಾಕಬೇಕು. ಒಂದು ಗಂಟು ಒಳಗೆ ಉಳಿದುಬಿಟ್ಟರೆ ಹಗ್ಗದ ಎಳೆಗಳಿಗೆ ಸಿಕ್ಕಿಕೊಂಡು ಕೊಡೆ ಬಿಚ್ಚದೇ ಹೋಗಬಹುದು.

ಇವತ್ತು ಕೆಲಸ ಮುಗಿಸಿ ಮೇಜು ಒರೆಸುವಾಗ ನನ್ನ ಗಂಟು ನಾಲ್ಕೇ ಇದ್ದವು. ಮೇಜಿನ ಕೆಳಗೆ, ಸೆರಗಿನಲ್ಲಿ, ಕಸದ ಡಬ್ಬಿಯಲ್ಲಿ ಎಲ್ಲ ನೋಡಿದೆ. ಊಟಕ್ಕೆ ಏಳುವಾಗ ಐದೂ ಇದ್ದವು, ಸಾಲಾಗಿ ಇಟ್ಟು ಹೋಗಿದ್ದೆ. ಊಟವಾದ ಮೇಲೆ ನಾಲ್ಕು ಕೊಡೆ ಮಡಿಸಿದೆ. ನಾಲ್ಕಕ್ಕೂ ಸಹಿ ಹಾಕಿದ್ದೇನೆ. ಎಣಿಸಿದೆನೆ? ಇಲ್ಲ. ಎಂಟು ಮಾಡಬೇಕಾದಾಗಿನಿಂದ ಎಣಿಸುವುದನ್ನು ಬಿಟ್ಟಿದ್ದೆ. ಕೈ ಅದರಷ್ಟಕ್ಕೆ ಗಂಟು ತೆಗೆಯುತ್ತದೆ, ಪೆನ್ನು ಅದರಷ್ಟಕ್ಕೆ ಸಹಿ ಹಾಕುತ್ತದೆ.

ನಾಲ್ಕು ಚೀಲಗಳೂ ಆಗಲೇ ಉಗ್ರಾಣಕ್ಕೆ ಹೋಗಿವೆ. ಶನಿವಾರದೊಳಗೆ ಎಲ್ಲ ಸಿದ್ಧವಿರಬೇಕೆಂದು ಹೇಳಿದ್ದಾರೆ. ಯುದ್ಧಕಾಲದಲ್ಲಿ ಸುಳ್ಳು ಸಹಿಗೆ ಜೈಲು ಎಂದು ಗೋಡೆಯ ಮೇಲೆ ಬರೆದಿದೆ. ಹೇಳದೇ ಬಂದುಬಿಟ್ಟೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಸೈನಿಕ ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟ. ಬೇಡ ಎನ್ನಲಾಗಲಿಲ್ಲ, ತಿನ್ನಲೂ ಆಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಮಾರ್ಚ್ 19, ಬುಧವಾರ

ಹೇಳಿದೆ.

ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಧೈರ್ಯದಿಂದಲ್ಲ, ಮನೆಯಲ್ಲಿ ಮಗಳ ಮುಖ ನೋಡುವುದಕ್ಕೆ ಇನ್ನೂ ಹೆಚ್ಚು ಭಯವಾಗಿತ್ತು. ಮೇಸ್ತ್ರಿ ಬೀಗ ತೆಗೆಯುತ್ತಿದ್ದಂತೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ, ಮೊದಲು ಉಗ್ರಾಣಕ್ಕೆ ಹೋಗಿ ನಿನ್ನೆಯ ಚೀಲಗಳನ್ನು ತಡೆಹಿಡಿಸಿ ಬಂದರು.

ಇಪ್ಪತ್ತು ಮೇಜಿನವರೂ ಬಂದ ಮೇಲೆ ಎಲ್ಲರನ್ನೂ ಸೇರಿಸಿ ನನ್ನ ಮಾತನ್ನು ನನ್ನ ಬಾಯಲ್ಲೇ ಮತ್ತೆ ಹೇಳಿಸಿದರು. ಆಮೇಲೆ ಕೇಳಿದರು: "ನಿನ್ನೆ ಎಣಿಸದೆ ಸಹಿ ಹಾಕಿದವರು ಇನ್ನೂ ಯಾರಿದ್ದೀರಿ?"

ಗಿಣಿ ಮೊದಲು ಕೈ ಎತ್ತಿದಳು. ಆಮೇಲೆ ಮೂರನೇ ಮೇಜು, ಹನ್ನೊಂದನೇ ಮೇಜು. ಕೊನೆಗೆ ಎತ್ತದೇ ಉಳಿದ ಕೈ ಒಂದೇ. ಅದು ಮೊನ್ನೆ ತಾನೆ ಕೆಲಸಕ್ಕೆ ಸೇರಿದವಳದು. ಅವಳು ತಪ್ಪದೆ ಎಣಿಸುತ್ತಿದ್ದಳಂತೆ.

ಮಧ್ಯಾಹ್ನದ ಎಂಬತ್ತು ಕೊಡೆಗಳನ್ನೂ ಬಿಚ್ಚಬೇಕಾಯಿತು. ಕರ್ನಲ್ ಬಂದು ಬಾಗಿಲಲ್ಲೇ ನಿಂತು ಮೇಸ್ತ್ರಿಯೊಡನೆ ಮಾತಾಡಿದರು. ಶನಿವಾರ ಎಂಬ ಶಬ್ದ ಎರಡು ಸಲ ಕೇಳಿಸಿತು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದರು.

ಊಟದ ಹೊತ್ತಿಗೆ ನನ್ನ ಪಕ್ಕ ಯಾರೂ ಕೂರಲಿಲ್ಲ. ತಾನು ಕೆಟ್ಟಿದ್ದಲ್ಲದೆ ಎಲ್ಲರನ್ನೂ ಹಿಡಿದುಕೊಟ್ಟಳು ಎಂದು ಯಾರೋ ಅಂದದ್ದು ನನಗೆ ಕೇಳಲಿ ಎಂದೇ.

ಮಾರ್ಚ್ 20, ಗುರುವಾರ

ನನ್ನ ನಾಲ್ಕರಲ್ಲೂ ಇರಲಿಲ್ಲ. ನಲವತ್ತು ಬಿಚ್ಚಿದರೂ ಸಿಗಲಿಲ್ಲ. ನನ್ನದೇ ಭ್ರಮೆಯಿರಬೇಕು, ಎಲ್ಲರನ್ನೂ ಸುಮ್ಮನೆ ಬೀದಿಗೆ ತಂದೆ ಎಂದುಕೊಂಡು ಅಳು ಬಂತು. ಐವತ್ತಮೂರನೆಯದು ಗಿಣಿಯ ಮೇಜಿನದು. ಮೇಸ್ತ್ರಿ ಬಟ್ಟೆಯನ್ನು ಹರಡಿ ಎಳೆಗಳನ್ನು ಒಂದೊಂದಾಗಿ ಬಿಡಿಸುವಾಗ ಪಟ್ಟನೆ ಕೆಳಗೆ ಬಿತ್ತು. ಮರಳಿನ ಗಂಟು, ಮೇಲೆ ಹದಿನೇಳು ಎಂದು ನನ್ನ ಮೇಜಿನ ನಂಬರು. ನಮ್ಮ ಮೇಜುಗಳು ಅಂಚಿಗೆ ಅಂಚು ತಾಗಿಕೊಂಡಿವೆ, ಅವಸರದಲ್ಲಿ ಅವಳ ಬಟ್ಟೆಯೊಳಗೆ ಜಾರಿದೆ.

ಗಿಣಿ ಅದನ್ನು ಕೈಗೆ ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇಡೀ ಮಧ್ಯಾಹ್ನ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅವಳು ಸುಮ್ಮನಿದ್ದದ್ದು ನನಗೆ ವಿಮಾನದ ಸದ್ದಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಾರ್ಚ್ 21, ಶುಕ್ರವಾರ

ಸುದ್ದಿ ಸೈನಿಕರ ವಸತಿಗೆ ಹೋಗಿ ಮುಟ್ಟಿದೆ. ಒಂದು ಗಂಟು ಅಲ್ಲಿ ಹತ್ತು ಗಂಟಾಗಿದೆ. ಮರಳು ತುಂಬಿದ ಕೊಡೆ ಹಾಕಿಕೊಂಡು ಹಾರುವುದಿಲ್ಲ ಎಂದು ಕೆಲವರು ಬಾಯಿಬಿಟ್ಟೇ ಹೇಳಿದ್ದಾರಂತೆ. ಅಳಿಯ ಮನೆಗೆ ಬಂದಿದ್ದ. ನಾನೇ ಆ ಹದಿನೇಳನೇ ಮೇಜು ಎಂದು ಅವನಿಗೆ ಗೊತ್ತಿದೆ. ಊಟ ಮಾಡಿ ತಟ್ಟೆ ತೊಳೆದಿಟ್ಟು ಹೋದ.

ಸಂಜೆ ಕರ್ನಲ್ ಶೆಡ್ಡಿಗೆ ಬಂದರು. ಹೆದರಿಕೊಂಡು ಹಾರುವ ದಳವನ್ನು ಯುದ್ಧಕ್ಕೆ ಕಳಿಸಲಾರೆ, ಶನಿವಾರದ ಕೆಲಸವನ್ನು ಬುಧವಾರಕ್ಕೆ ಹಾಕಿಸಿಕೊಂಡಿದ್ದೇನೆ ಎಂದರು. ಹಿಂದೆ ಹೀಗಾದಾಗ ಮಡಿಸುವವರಲ್ಲಿ ಒಬ್ಬರು ತಾವು ಮಡಿಸಿದ ಕೊಡೆಯಲ್ಲೇ ಸೈನಿಕರ ಕಣ್ಣೆದುರಿಗೆ ಹಾರುವ ವಾಡಿಕೆ ಇತ್ತಂತೆ. ನಾವು ಸೈನ್ಯದವರಲ್ಲವಾದ್ದರಿಂದ ಬಲವಂತ ಮಾಡುವ ಹಾಗಿಲ್ಲ ಎಂದರು. ಮೇಸ್ತ್ರಿ ತಾವೇ ಹಾರುತ್ತೇನೆ ಎಂದರು. ಆ ಕಾಲಿನಲ್ಲಿ ಇಳಿದರೆ ಸೈನಿಕರಿಗೆ ಇನ್ನೇನು ಧೈರ್ಯ ಬರುತ್ತದೆ ಎಂದು ಕರ್ನಲ್ ಒಪ್ಪಲಿಲ್ಲ.

ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ನಾನು "ಗಂಟು ನಂದು ಸಾರ್, ನಾನೇ ಹೋಗ್ತೀನಿ" ಎಂದೆನಂತೆ. ಗಿಣಿ ಹಾಗೆನ್ನುತ್ತಾಳೆ. ನಲವತ್ತಾರು ವರ್ಷದ ಹೆಂಗಸನ್ನು ಕಳಿಸುವುದಿಲ್ಲ ಎಂದು ಹೇಳುತ್ತಾರೆಂದು ಕಾದೆ. ಮಂಡಿ ಗಟ್ಟಿಯಿದೆಯೇ ಎಂದು ಮಾತ್ರ ಕೇಳಿದರು.

ಮಾರ್ಚ್ 23, ಭಾನುವಾರ

ಎರಡು ದಿನದಿಂದ ಒಂದು ಕಟ್ಟೆಯ ಮೇಲಿಂದ ಮರಳಿನ ಗುಂಡಿಗೆ ಹಾರಿಸುತ್ತಿದ್ದಾರೆ. ಕಾಲು ಜೋಡಿಸು, ಗದ್ದ ಒಳಗೆ, ಉರುಳು. ನೂರು ಸಲ ಹಾರಿದ್ದೇನೆ. ಕಟ್ಟೆ ನನ್ನ ಸೊಂಟದೆತ್ತರ ಅಷ್ಟೆ. ಅದಕ್ಕೂ ಪ್ರತಿಸಲ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಮಗಳು ಇವತ್ತು ಬೆಳಿಗ್ಗೆ ಕೂಗಾಡಿದಳು. ಗಂಡನೂ ಬೇಕಾದಷ್ಟು ಹಾರಲಿ, ಅಮ್ಮನೂ ಹಾರಲಿ, ನಾನೊಬ್ಬಳೇ ನೆಲದ ಮೇಲೆ ಕೂತು ಇಬ್ಬರಿಗೂ ಅಳುತ್ತೇನೆ ಎಂದಳು. ಅವಳ ಕಾಲಿಗೆ ಎಣ್ಣೆ ಹಚ್ಚಿದೆ.

ಮಾರ್ಚ್ 24, ಸೋಮವಾರ

ಬದುಕಿದ್ದೇನೆ. ಬಲಗಾಲಿನ ಹರಡು ಊದಿದೆ.

ಬೆಳಿಗ್ಗೆ ಎಂಟಕ್ಕೆ ನಾನು ಮಡಿಸಿದ ಮೂವತ್ತು ಕೊಡೆಗಳನ್ನು ಮೈದಾನದಲ್ಲಿ ಸಾಲಾಗಿ ಇಟ್ಟಿದ್ದರು. ಸೈನಿಕರಲ್ಲಿ ಯಾವನು ಹೆಚ್ಚು ಗೊಣಗಿದ್ದನೋ ಅವನಿಗೇ ಒಂದನ್ನು ಆರಿಸು ಎಂದರು ಕರ್ನಲ್. ಅವನು ಮುಂದಿನದು ಬಿಟ್ಟ, ಕೊನೆಯದು ಬಿಟ್ಟ, ನಡುವಿನದೊಂದನ್ನು ಎತ್ತಿ ನನ್ನ ಬೆನ್ನಿಗೆ ತಾನೇ ಕಟ್ಟಿದ. ಕಟ್ಟಿದ ಮೇಲೆ ಪ್ರತಿ ಕೊಂಡಿಯನ್ನೂ ಎರಡೆರಡು ಸಲ ಮುಟ್ಟಿ ನೋಡಿದ.

ವಿಮಾನದೊಳಗೆ ಬಾಗಿಲ ಬಳಿ ನಿಂತವನು ಅಳಿಯ. ಇವತ್ತಿನ ಹಾರಾಟ ನಡೆಸುವ ಸರದಿ ಅವನದಂತೆ. ಬೇಕೆಂದೇ ಹಾಕಿಸಿಕೊಂಡಿದ್ದ ಎಂದು ಆಮೇಲೆ ತಿಳಿಯಿತು. ಒಳಗೆ ಎಣ್ಣೆ ವಾಸನೆ, ಕಬ್ಬಿಣದ ತಣುಪು. ನನ್ನ ಬೆನ್ನಿನ ಚೀಲದಿಂದ ಹೊರಟ ಪಟ್ಟಿಯನ್ನು ತಲೆಯ ಮೇಲಿನ ತಂತಿಗೆ ಸಿಕ್ಕಿಸಿ, ಜಗ್ಗಿ ತೋರಿಸಿದ. ನಾನು ಹಾರಿದರೆ ಆ ಪಟ್ಟಿಯೇ ಕೊಡೆಯನ್ನು ಎಳೆದು ಬಿಚ್ಚುತ್ತದೆ. ಕೆಲಸದ ಮೇಜಿನಲ್ಲಿ ಸಾವಿರ ಸಲ ಮಡಿಸಿದ ಪಟ್ಟಿ ಅದು. ಅದರ ಹೊಲಿಗೆ ನೋಡುತ್ತಾ ಕೂತೆ. ಬೇರೆಲ್ಲೂ ನೋಡುವ ಹಾಗಿರಲಿಲ್ಲ.

ಬಾಗಿಲು ತೆಗೆದಾಗ ಗಾಳಿ ಅಷ್ಟು ಸದ್ದು ಮಾಡುತ್ತದೆಂದು ಯಾರೂ ಹೇಳಿರಲಿಲ್ಲ. ಕೆಂಪು ದೀಪ ಹತ್ತಿತು. ಎದ್ದೆ. ಬಾಗಿಲ ಅಂಚಿಗೆ ಬಂದು ಕೆಳಗೆ ನೋಡಬೇಡ ಎಂದಿದ್ದರೂ ನೋಡಿದೆ. ಶೆಡ್ಡು ಬೆಂಕಿಪೊಟ್ಟಣದಷ್ಟಿತ್ತು. ಕಾಲು ಅಲ್ಲೇ ಹೂತುಕೊಂಡಿತು. ಆಗಲಿಲ್ಲ. ಎರಡೂ ಕೈಯಲ್ಲಿ ಬಾಗಿಲ ಪಕ್ಕದ ಕಂಬಿ ಹಿಡಿದುಕೊಂಡೆ. ಬಟ್ಟೆ ಒದ್ದೆಯಾಯಿತು. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವುದಿಲ್ಲ.

ಅಳಿಯ ನನ್ನ ಕಿವಿಗೆ ಬಾಯಿಟ್ಟ. ಮದುವೆಯಾದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಉದ್ದನೆಯ ಮಾತು ಅದು.

"ಅತ್ತೆ, ಬೇಡ ಅನ್ಸಿದ್ರೆ ಕೂತ್ಕೊಳ್ಳಿ. ಯಾರೂ ಏನೂ ಅನ್ನಲ್ಲ, ನಾನು ನೋಡ್ಕೋತೀನಿ. ಹೋಗೋದಾದ್ರೆ ನಾನು ಮೂರು ಎಣಿಸ್ತೀನಿ, ನೀವು ಕಣ್ಣು ಮುಚ್ಚಿ ಕೈ ಬಿಡಿ. ಅಷ್ಟೇ ಕೆಲಸ."

ಹಸಿರು ದೀಪ ಹತ್ತಿತು. ಅವನು ಎಣಿಸಿದ. ಎರಡಕ್ಕೇ ಬಿಟ್ಟುಬಿಟ್ಟೆ. ಮೂರಕ್ಕೆ ಕಾದಿದ್ದರೆ ಖಂಡಿತ ಬಿಡುತ್ತಿರಲಿಲ್ಲ.

ಬಿದ್ದದ್ದು ಮಾತ್ರ ಗೊತ್ತು. ಹೊಟ್ಟೆ ಮೇಲೆಲ್ಲೋ ಉಳಿಯಿತು. ಆಮೇಲೆ ಹೆಗಲಿನಿಂದ ಯಾರೋ ಎತ್ತಿಕೊಂಡ ಹಾಗೆ ಜಗ್ಗಿತು. ತಲೆಯ ಮೇಲೆ ಕೊಡೆ ದುಂಡಗೆ, ಒಂದು ಸುಕ್ಕಿಲ್ಲದೆ ತುಂಬಿಕೊಂಡಿತ್ತು. ಎಲ್ಲ ನಿಶ್ಶಬ್ದ. ಜೋರಾಗಿ ಅತ್ತುಬಿಟ್ಟೆ, ಕೇಳಲು ಅಲ್ಲಿ ಯಾರೂ ಇರಲಿಲ್ಲ. ನೆಲ ಮೊದಲು ನಿಧಾನವಾಗಿ, ಕೊನೆಗೆ ಧುತ್ತೆಂದು ಬಂತು. ಕಲಿಸಿದ್ದೆಲ್ಲ ಮರೆತು ಒಂದೇ ಕಾಲಿನ ಮೇಲೆ ಇಳಿದೆ. ಸೈನಿಕರು ಓಡಿಬಂದರು. ಕೊಡೆ ಆರಿಸಿಕೊಟ್ಟವನು ಮೊದಲು ಬಂದು ನನ್ನನ್ನು ಎಬ್ಬಿಸಿ ನಿಲ್ಲಿಸಿ, ತನ್ನ ಕೋಟು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿದ. ಅವನನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ.

ಇನ್ನೊಂದು ಸಲ ಯಾರಾದರೂ ಹಾರು ಎಂದರೆ ಸತ್ತೇಹೋಗುತ್ತೇನೆ.

ಮಾರ್ಚ್ 26, ಬುಧವಾರ

ಬೆಳಕು ಹರಿಯುವ ಮುಂಚೆ ಹೋದರು. ಅಳಿಯನೂ ಸೇರಿ ಮುನ್ನೂರ ಹನ್ನೆರಡು ಜನ. ಹೊಳೆಯಾಚೆಯ ಸೇತುವೆಗೆ ಎಂದು ರೇಡಿಯೋದಲ್ಲಿ ಮಧ್ಯಾಹ್ನ ಹೇಳಿದರು. ನೆಲದ ಸೈನ್ಯ ಎರಡು ದಿನದಲ್ಲಿ ಸೇರಿಕೊಳ್ಳುತ್ತದಂತೆ. ಶೆಡ್ಡಿನಲ್ಲಿ ಇವತ್ತು ಎಲ್ಲರೂ ಗಂಟುಗಳನ್ನು ಬಾಯಿಬಿಟ್ಟು ಎಣಿಸುತ್ತಿದ್ದರು. ಇಪ್ಪತ್ತು ಬಾಯಿ, ಒಂದು ಎರಡು ಮೂರು ನಾಲ್ಕು ಐದು.

ಮಾರ್ಚ್ 28, ಶುಕ್ರವಾರ

ಎರಡು ದಿನ ಆಯಿತು. ನೆಲದ ಸೈನ್ಯ ಮುಟ್ಟಿದ ಸುದ್ದಿ ಬಂದಿಲ್ಲ.

ಮಾರ್ಚ್ 30, ಭಾನುವಾರ

ನಾಲ್ಕು ದಿನ. ರೇಡಿಯೋದವರು ಸೇತುವೆಯ ಹೆಸರೆತ್ತುತ್ತಿಲ್ಲ. ಇಳಿದ ಮೇಲೆ ಏನಾಗುತ್ತದೆಂದು ಮಗಳು ಕೇಳಿದಳು. ಈ ಸಲ ರೇಷ್ಮೆಯ ಕಥೆ ಹೇಳಲಿಲ್ಲ. ಮೇಸ್ತ್ರಿ ಹೇಳಿಕೊಟ್ಟದ್ದನ್ನೆಲ್ಲ ಹೇಳಿದೆ. ಎಷ್ಟು ಗುಂಡಿರುತ್ತದೆ, ಎಷ್ಟು ದಿನ ಬರುತ್ತದೆ. ಆಮೇಲೆ ನನ್ನ ಹಾಸಿಗೆಗೇ ಬಂದು ಮಲಗಿದಳು. ನನ್ನ ಹೆದರಿಕೆ ಅವಳಿಗೆ ತಾಗದಿರಲಿ ಎಂದು ಗೋಡೆ ಕಡೆ ತಿರುಗಿಕೊಂಡೆ.

ಏಪ್ರಿಲ್ 1, ಮಂಗಳವಾರ

ನೆಲದ ಸೈನ್ಯ ಮುಟ್ಟಿತಂತೆ. ಆರು ದಿನಕ್ಕೆ.

ಕರ್ನಲ್ ಕಚೇರಿಯ ಮುಂದೆ ಮನೆಯವರೆಲ್ಲ ನಿಂತಿದ್ದರು. ಬದುಕಿದವರ ಪಟ್ಟಿ ಸಂಜೆಗೆ ಎಂದು ಕಾವಲಿನವನು ಒಳಗೆ ಬಿಡಲಿಲ್ಲ. ಪಟ್ಟಿ ಒಳಗಿದ್ದರೆ ಈಗಲೇ ಓದಿ, ಇಲ್ಲದಿದ್ದರೆ ಇಲ್ಲ ಎಂದು ಬಂದು ಹೇಳಿ, ಬಸುರಿಯರು ಬಿಸಿಲಲ್ಲಿ ನಿಂತಿದ್ದಾರೆ ಎಂದೆ. ಹೇಳಿದ ಮೇಲಷ್ಟೇ ಅವನ ಸಮವಸ್ತ್ರ ಕಣ್ಣಿಗೆ ಬಿತ್ತು. ಅವನು ಒಳಗೆ ಹೋದ. ಕರ್ನಲ್ ಹೊರಗೆ ಬಂದು ತಾವೇ ಓದಿದರು. ಅಳಿಯ ಬದುಕಿದ್ದಾನೆ. ಮಗಳು ಅಲ್ಲೇ ಕುಸಿದು ಕೂತಳು.

ಕೊಡೆ ಆರಿಸಿದ್ದ ಆ ಸೈನಿಕನ ಹೆಸರು ಇನ್ನೊಂದು ಪಟ್ಟಿಯಲ್ಲಿತ್ತು. ಅವನ ಕೋಟು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಯಾರಿಗೆ ಕೊಡಲಿ.

ಏಪ್ರಿಲ್ 2, ಬುಧವಾರ

ಮೇಸ್ತ್ರಿ ವರದಿ ಓದಿದರು. ಹಾರಿದವರು ಮುನ್ನೂರ ಹನ್ನೆರಡು, ಬಿಚ್ಚಿಕೊಂಡ ಕೊಡೆ ಮುನ್ನೂರ ಹನ್ನೆರಡು. ಬದುಕುಳಿದವರು ನೂರ ತೊಂಬತ್ತು. ಎಲ್ಲರೂ ಮೇಜಿಗೆ ಹೋದೆವು.

ಏಪ್ರಿಲ್ 7, ಸೋಮವಾರ

ಅಳಿಯ ಮನೆಗೆ ಬಂದು ಮೂರು ದಿನವಾಯಿತು. ಎಡಗಿವಿ ಕೇಳಿಸುವುದಿಲ್ಲ. ಮಗಳೆದುರು ನಗುತ್ತಾನೆ, ಹುಟ್ಟುವ ಮಗುವಿಗೆ ಹೆಸರು ಹುಡುಕುತ್ತಾನೆ. ಇವತ್ತು ಬೆಳಿಗ್ಗೆ ಅವಳು ತಪಾಸಣೆಗೆ ಹೋದಾಗ ಒಲೆಯ ಮೇಲೆ ಪಾತ್ರೆಯ ಮುಚ್ಚಳ ಹಾರಿ ಬಿತ್ತು. ತಿರುಗಿ ನೋಡಿದರೆ ಅವನು ಮೇಜಿನ ಕೆಳಗಿದ್ದ.

ಏಳು ಎನ್ನಲಿಲ್ಲ. ನಾನೂ ನೆಲದ ಮೇಲೆ ಕೂತು ಬಟಾಣಿ ಬಿಡಿಸಿದೆ. ಅರ್ಧ ಬುಟ್ಟಿ ಮುಗಿದಿರಬೇಕು.

"ಅತ್ತೆ, ಇಪ್ಪತ್ತಕ್ಕೆ ಮತ್ತೆ ಹಾರ್ಬೇಕು" ಎಂದ. "ನನ್ನ ಕೈಲಿ ಆ ಬಾಗಿಲ ಹತ್ರ ಹೋಗೋಕಾಗಲ್ಲ. ಹುಡುಗರ ಕೊಡೆ ಪಟ್ಟಿ ತಂತಿಗೆ ಸಿಕ್ಕಿಸೋವಾಗ ಕೈ ನಡುಗಿದ್ರೆ ಏನ್ ಗತಿ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಹೇಡಿ ಅಂತಾರೆ."

"ಅಂದ್ರೆ ಅನ್ನಲಿ. ನಡುಗೋ ಕೈ ಇಟ್ಕೊಂಡು ಸುಮ್ನಿದ್ರೆ ಬೇರೆಯವರ ಪ್ರಾಣ ಹೋಗುತ್ತೆ" ಎಂದೆ. "ನಾಳೆ ಕರ್ನಲ್ ಹತ್ರ ಹೋಗೋಣ. ನಾನೂ ಬರ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟೆ. ಕರ್ನಲ್ ಕೋಣೆಯೊಳಗೆ ಕಾಲಿಡಬೇಕೆಂದು ನೆನೆದರೇ ಬಾಯಿ ಒಣಗುತ್ತಿದೆ.

ಏಪ್ರಿಲ್ 8, ಮಂಗಳವಾರ

ಹೋಗಿ ಬಂದೆವು. ಅಳಿಯ ಹೇಳಲಾರದೆ ಎರಡು ಸಲ ತಡವರಿಸಿದ. ಹೊರಗೆ ಕಾಯಿರಿ ಎಂದು ಕರ್ನಲ್ ನನಗೆ ಹೇಳಿದರು. ಇವನು ಮುಗಿಸುವ ತನಕ ಇಲ್ಲೇ ಇರುತ್ತೇನೆ ಎಂದೆ. ಮೂರನೇ ಸಲಕ್ಕೆ ಪೂರ್ತಿ ಹೇಳಿದ. ಕರ್ನಲ್ಲೂ ಎಷ್ಟೋ ದಿನ ನಿದ್ದೆ ಮಾಡಿದಂತಿರಲಿಲ್ಲ. ವೈದ್ಯರಿಗೆ ಚೀಟಿ ಬರೆದುಕೊಟ್ಟರು. ಇಪ್ಪತ್ತನೇ ತಾರೀಕಿನ ಪಟ್ಟಿಯಿಂದ ಹೆಸರು ತೆಗೆದರು. ಮುಂದೇನು ಎಂಬುದು ವೈದ್ಯರು ನೋಡಿದ ಮೇಲೆ.

ಬಸ್ಸಿಗೆ ಕಾಯುವಾಗ ಅಳಿಯ, ಕೇಳಿಸುವ ಕಿವಿ ನನ್ನ ಕಡೆಗಿರುವಂತೆ ನಿಂತುಕೊಂಡು, "ಅತ್ತೆ, ನಿಮಗೆ ಯಾರ ಭಯಾನೂ ಇಲ್ಲ ಅಲ್ವಾ" ಎಂದ.

ಪಾಪ, ಒಂದೇ ಮನೆಯಲ್ಲಿದ್ದೂ ಅವನಿಗೆ ನನ್ನ ವಿಷಯ ಏನೇನೂ ಗೊತ್ತಿಲ್ಲ.